ಅಂಡಮಾನ್‌ನಲ್ಲಿ ಹಡಗಿನ ಟೈಮೇ ಯಜಮಾನ: ಐದು ಜನ, ಏಳು ದಿನ, ತಲೆಗೆ 27 ಸಾವಿರ

ಮೊದಲ ದಿನವೇ ನಮಗೆ ಕೈಕೊಟ್ಟದ್ದು ಸೂರ್ಯ. ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದು ಪೋರ್ಟ್ ಬ್ಲೇರ್‌ನಲ್ಲಿ ಇಳಿದೆವು. ರಾತ್ರಿಯಿಡೀ ನಿದ್ದೆ ಇರಲಿಲ್ಲ. ರೂಮಿಗೆ ಹೋಗಿ ಊಟ ಮಾಡಿ, ಸುಮ್ನೆ ಒಂದು ಗಂಟೆ ಮಲಗಿ, ಆಮೇಲೆ ಸೆಲ್ಯುಲಾರ್ ಜೈಲು ನೋಡೋಣ ಅಂತ ಐವರೂ ಅಡ್ಡಾದೆವು. ಎದ್ದಾಗ ಗಡಿಯಾರದಲ್ಲಿ ಐದೂಮುಕ್ಕಾಲು. ಹೊರಗೆ ಕತ್ತಲು. ನಮ್ಮ ಹಾಸನದ ಗೆಳೆಯ ಗಾಬರಿಯಿಂದ, 'ಬೆಳಗಿನ ಐದೂಮುಕ್ಕಾಲಾ?' ಅಂತ ಕೇಳಿದ.

ಅಂಡಮಾನ್ ಇರುವುದು ನಮ್ಮಿಂದ ಅಷ್ಟು ದೂರ ಪೂರ್ವಕ್ಕೆ. ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಫೆಬ್ರವರಿಯಲ್ಲಿ ಐದೂವರೆಯ ಹೊತ್ತಿಗೆ, ಡಿಸೆಂಬರ್‌ನಲ್ಲಿ ಐದಕ್ಕೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಹಾಗೆ ಹತ್ತು ಗಂಟೆಗೆ ತಿಂಡಿ ತಿಂದು ಹೊರಡುವವರಿಗೆ ಅಲ್ಲಿ ಅರ್ಧ ದಿನವಷ್ಟೇ ಸಿಗುತ್ತದೆ. ಐದಕ್ಕೆ ಏಳಿ, ರಾತ್ರಿ ಒಂಬತ್ತಕ್ಕೆ ಮಲಗಿ. ಬೇರೆ ದಾರಿ ಇಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳೂ ಅದೇ ಲೆಕ್ಕದಲ್ಲಿ ಓಡುತ್ತವೆ.

ಈ ಹಡಗಿನ ವಿಷಯವೇ ಮುಖ್ಯ. ಕಡಿಮೆ ಖರ್ಚಿನಲ್ಲಿ ಹೋಗುವವರು ಮೊದಲು ಹೋಟೆಲ್ ಹುಡುಕುತ್ತಾರೆ. ನಾವೂ ಅದನ್ನೇ ಮಾಡಿದೆವು, ತಪ್ಪು ಮಾಡಿದೆವು. ಮೊದಲು ವಿಮಾನ, ಆಮೇಲೆ ಹಡಗು, ಕೊನೆಗೆ ರೂಮು. ಈ ಕ್ರಮ ತಪ್ಪಿದರೆ ದುಡ್ಡು ನೀರಿಗೆ ಬೀಳುತ್ತದೆ. ನಾವು ಹ್ಯಾವ್‌ಲಾಕ್ ದ್ವೀಪದಲ್ಲಿ ರೂಮು ಮೊದಲೇ ಕಾಯ್ದಿರಿಸಿದ್ದೆವು. ಆ ದಿನಕ್ಕೆ ಬೆಳಗಿನ ಸರ್ಕಾರಿ ಹಡಗಿನ ಟಿಕೆಟ್ ಸಿಕ್ಕಿದ್ದು ಮೂರೇ. ಉಳಿದ ಇಬ್ಬರು ಖಾಸಗಿ ಹಡಗಿಗೆ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟು ಬಂದರು. ಗುಂಪಿನ ಲೆಕ್ಕ ಬರೆಯುವ ದಾವಣಗೆರೆ ಗೆಳೆಯ ಆ ಇಬ್ಬರಲ್ಲಿ ಒಬ್ಬ. ಅವನ ಮುಖ ಇಡೀ ದಿನ ಸರಿಹೋಗಲಿಲ್ಲ.

ಹೆಸರುಗಳ ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. 2018ರ ಕೊನೆಗೆ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್, ಬೋರ್ಡುಗಳಲ್ಲಿ ಹೊಸ ಹೆಸರು ಕಾಣಬಹುದು. ಆಟೋದವರ, ಅಂಗಡಿಯವರ ಬಾಯಲ್ಲಿ ಮಾತ್ರ ಹಳೆಯದೇ. ಎರಡೂ ಗೊತ್ತಿರಲಿ. ಈ ಎರಡು ದ್ವೀಪಗಳಿಗೆ ಹೋಗಲು ಭಾರತೀಯರಿಗೆ ವಿಶೇಷ ಪರವಾನಗಿ ಬೇಡ. ಆಧಾರ್‌ನಂಥ ಫೋಟೋ ಗುರುತಿನ ಚೀಟಿ ಸಾಕು. ಅದು ಚೀಲದ ತಳದಲ್ಲಲ್ಲ, ಕೈಗೆ ಸಿಗುವ ಕಡೆ ಇರಲಿ.

ಪೋರ್ಟ್ ಬ್ಲೇರ್‌ನಲ್ಲಿ ಸರ್ಕಾರಿ ಹಡಗು ಹೊರಡುವುದು ಫೀನಿಕ್ಸ್ ಬೇ ಜೆಟ್ಟಿಯಿಂದ. ಖಾಸಗಿ ಹಡಗುಗಳಿಗೆ ಹ್ಯಾಡೋ ವಾರ್ಫ್ ಕಡೆ ಹೋಗಬೇಕು. ಎರಡೂ ಬೇರೆ ಬೇರೆ. ಆಟೋ ಹತ್ತುವ ಮೊದಲು ಟಿಕೆಟ್ ಮೇಲೆ ಏನಿದೆ ಅಂತ ಓದಿಕೊಳ್ಳಿ. ಸುಮ್ನೆ 'ಜೆಟ್ಟಿ' ಅಂದರೆ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋದಾರು. ಸರ್ಕಾರಿ ಟಿಕೆಟ್‌ಗಳು ಪ್ರಯಾಣಕ್ಕೆ ಕೆಲವೇ ದಿನ ಮೊದಲು ಬಿಡುಗಡೆಯಾಗುತ್ತವೆ, ಬೇಗ ಖಾಲಿಯಾಗುತ್ತವೆ. ದ್ವೀಪದ ಜನಕ್ಕೂ ಅದೇ ಬಸ್ಸಿದ್ದ ಹಾಗೆ. ಅವರಿಗೆ ಮೊದಲ ಅವಕಾಶ ಇದ್ದರೆ ಅದು ನ್ಯಾಯವೇ, ಅಲ್ವಾ? ಹೊರಡುವ ದಿನ ಒಂದು ಗಂಟೆ ಮೊದಲೇ ಜೆಟ್ಟಿಯಲ್ಲಿರಿ.

ನನ್ನ ಕೇಳಿದರೆ, ಎರಡೂ ಹಡಗು ಸಿಗುವ ಹಾಗಿದ್ದರೂ ನಾನು ಸರ್ಕಾರಿಯದನ್ನೇ ಹತ್ತುತ್ತೇನೆ. ಖಾಸಗಿಯದು ಹ್ಯಾವ್‌ಲಾಕ್‌ಗೆ ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ, ಸರ್ಕಾರಿಯದು ಎರಡೂವರೆ. ಆದರೆ ನಮ್ಮವರು ಹೋದ ಖಾಸಗಿ ಹಡಗಿನಲ್ಲಿ ಎಸಿ ಹಾಲ್‌ನಲ್ಲಿ ಸಿನಿಮಾ ಥಿಯೇಟರ್ ಹಾಗೆ ಕೂತಿರಬೇಕಿತ್ತು. ನಮಗೆ ಮೇಲಿನ ಡೆಕ್ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಅಜ್ಜಿ, ಕಾಲ ಬುಡದಲ್ಲಿ ಎರಡು ಗೋಣಿಚೀಲ, ಮಡಿಲಲ್ಲಿ ಸ್ಟೀಲ್ ಡಬ್ಬಿ. ಬಂಗಾಳಿಯಲ್ಲಿ ಏನೋ ಹೇಳಿ ನೀರಿನ ಕಡೆ ಬೆರಳು ತೋರಿಸಿದರು. ಹಡಗಿನ ಮೂತಿಯ ಹತ್ತಿರದಿಂದ ಬೆರಳುದ್ದದ ಮೀನುಗಳು ಗುಂಪಾಗಿ ಎದ್ದು, ರೆಕ್ಕೆ ಹರಡಿಕೊಂಡು, ಅಲೆಗಳ ಮೇಲೆಯೇ ಒಂದಷ್ಟು ದೂರ ಹಾರಿ, ಟಪಟಪನೆ ಮತ್ತೆ ನೀರಿಗೆ ಬಿದ್ದವು. ಹಾರುವ ಮೀನು ಅಂತ ಪಾಠದಲ್ಲಿ ಓದಿದ್ದೆ. ಮಿಡತೆಯ ಹಾಗಿರುತ್ತದೆ ಅಂತ ಗೊತ್ತಿರಲಿಲ್ಲ.

ವಾಂತಿಯ ವಿಷಯ ನಾಚಿಕೆ ಬಿಟ್ಟು ಹೇಳುತ್ತೇನೆ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿಗೆ ಇಲ್ಲಿಯೂ ತೊಳಸುತ್ತದೆ. ಡಾಕ್ಟರ್ ಹತ್ತಿರ ಕೇಳಿ ಮಾತ್ರೆ ತಂದಿಟ್ಟುಕೊಳ್ಳಿ, ಹಡಗು ಹತ್ತುವ ಮುಂಚೆಯೇ ನುಂಗಿ. ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ಖಾಲಿ ಹೊಟ್ಟೆ ಬೇಡ, ಪೂರಿ ಸಾಗು ಅಂತೂ ಬೇಡವೇ ಬೇಡ. ಫೋನ್ ನೋಡಬೇಡಿ, ಸಮುದ್ರ ಆಕಾಶ ಸೇರುವ ದೂರದ ಗೆರೆ ನೋಡುತ್ತಿರಿ.

ಹ್ಯಾವ್‌ಲಾಕ್‌ನಲ್ಲಿ ಊರುಗಳನ್ನು, ಬೀಚ್‌ಗಳನ್ನು ನಂಬರ್‌ನಲ್ಲಿ ಗುರುತಿಸುತ್ತಾರೆ. 3ನೇ ನಂಬರ್ ಅಂದರೆ ಪೇಟೆ ಇರುವ ಗೋವಿಂದನಗರ, 5 ಅಂದರೆ ವಿಜಯನಗರ, 7 ಅಂದರೆ ರಾಧಾನಗರ. ನಾವು ಉಳಿದದ್ದು 3 ಮತ್ತು 5ರ ನಡುವೆ, ತೆಂಗಿನ ತೋಟದೊಳಗಿನ ಬಿದಿರು ಗುಡಿಸಲುಗಳಲ್ಲಿ. ಫ್ಯಾನ್ ಇತ್ತು, ಎಸಿ ಇರಲಿಲ್ಲ. ಸೊಳ್ಳೆಪರದೆ ಇತ್ತು, ಅದರಲ್ಲಿ ತೂತೂ ಇತ್ತು. ಮೂವರಿಗೆ ಒಂದು, ಇಬ್ಬರಿಗೆ ಒಂದು ಅಂತ ಹಂಚಿಕೊಂಡರೆ ತಲೆಗೆ ರಾತ್ರಿಗೆ 750 ಬಿತ್ತು. ಸಮುದ್ರ ಕಾಣುವ ರೂಮಿಗೆ ದುಡ್ಡು ಹಾಕಬೇಡಿ. ಹಗಲು ಹೇಗೂ ಸಮುದ್ರದಲ್ಲೇ ಇರುತ್ತೀರಿ, ರಾತ್ರಿ ಅದು ಕಾಣುವುದಿಲ್ಲ.

ರಾಧಾನಗರಕ್ಕೆ ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಟ್ಯಾಕ್ಸಿಯವರು ಹೇಳುವ ರೇಟಿಗೆ ಎದೆ ಧಸಕ್ ಅನ್ನುತ್ತದೆ. ಬಸ್ ಇದೆ, ತೀರಾ ಅಗ್ಗ, ಆದರೆ ಆಗೊಂದು ಈಗೊಂದು. ಐದು ಜನಕ್ಕೆ ಮೂರು ಸ್ಕೂಟರ್ ಬಾಡಿಗೆಗೆ ಹಿಡಿದದ್ದೇ ಲಾಭವಾಯಿತು. ಲೈಸೆನ್ಸ್ ಬೇಕು, ಹೆಲ್ಮೆಟ್ ಹಾಕಿಕೊಳ್ಳಿ. ಇನ್ನೊಂದು ಮಾತು: ಸ್ಕೂಟರ್ ಕೈಗೆ ಬಂದ ತಕ್ಷಣ ಅದರ ಸುತ್ತ ಒಂದು ವಿಡಿಯೋ ಮಾಡಿ, ಮಾಲೀಕರಿಗೇ ಕಳಿಸಿಬಿಡಿ. ನಾವು ಮಾಡಲಿಲ್ಲ. ವಾಪಸ್ ಕೊಡುವಾಗ ಮಡ್‌ಗಾರ್ಡ್‌ನ ಒಂದು ಹಳೆಯ ಗೀರು ತೋರಿಸಿ ಸಾವಿರ ರೂಪಾಯಿ ಕಿತ್ತುಕೊಂಡರು. ಹಡಗಿಗೆ ಇಪ್ಪತ್ತು ನಿಮಿಷ ಇತ್ತು. ಜಗಳಕ್ಕೆ ಪುರುಸೊತ್ತಿಲ್ಲ ಅಂತ ಅವರಿಗೂ ಗೊತ್ತು.

ರಾಧಾನಗರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂತ ಕರೆದಿತ್ತು. ಅಲ್ಲಿಂದೀಚೆಗೆ ಎಲ್ಲರೂ ಸಂಜೆ ನಾಲ್ಕಕ್ಕೆ ಅಲ್ಲಿಗೇ. ನಾವು ಒಂದು ಸಂಜೆ ಆ ಜಾತ್ರೆ ನೋಡಿದೆವು, ಮರುದಿನ ಬೆಳಗ್ಗೆ ಆರೂವರೆಗೆ ಮತ್ತೆ ಹೋದೆವು. ಬೆಳಗ್ಗೆ ನಾವು ಐದು ಜನ, ಎರಡು ನಾಯಿ. ಮರಳು ಗೋಧಿಹಿಟ್ಟಿನ ಹಾಗೆ, ಕಾಲಿಟ್ಟರೆ ಕಿರುಗುಟ್ಟುತ್ತದೆ. ಕಾಡಿನ ದೊಡ್ಡ ದೊಡ್ಡ ಮರಗಳು ಬೀಚಿನ ಅಂಚಿನ ತನಕ ಬಂದು ನಿಂತಿವೆ. ಬಲಗಡೆ ನಡೆದರೆ ನೀಲ್ಸ್ ಕೋವ್ ಅಂತ ಒಂದು ತಿಳಿನೀರಿನ ಕೊಲ್ಲಿ ಇದೆ. ನೋಡಿದರೆ ಈಜುಕೊಳದ ಹಾಗೆ ಕರೆಯುತ್ತದೆ. ಇಳಿಯಬೇಡಿ. 2010ರಲ್ಲಿ ಅಲ್ಲಿ ಒಬ್ಬ ವಿದೇಶಿ ಪ್ರವಾಸಿಯನ್ನು ಉಪ್ಪುನೀರಿನ ಮೊಸಳೆ ಎಳೆದುಕೊಂಡು ಹೋಗಿತ್ತು. ಅಂಡಮಾನ್‌ನಲ್ಲಿ 'ಮೊಸಳೆ ಇದೆ' ಅನ್ನುವ ಬೋರ್ಡನ್ನು ಹೆದರಿಸಲಿಕ್ಕೆ ಹಾಕಿದ್ದು ಅಂದುಕೊಳ್ಳಬೇಡಿ.

ಮೊಸಳೆಗಿಂತ ನಮ್ಮನ್ನು ಕಾಡಿದ್ದು ಮರಳು ನೊಣ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಒದ್ದೆ ಮರಳಿನ ಮೇಲೆ ಟವೆಲ್ ಹಾಸದೆ ಮಲಗಿದವನಿಗೆ ಮರುದಿನ ಬೆನ್ನ ತುಂಬ ಗಂಧೆ ಎದ್ದು, ಬೆಂಗಳೂರಿಗೆ ಬಂದು ವಾರವಾದರೂ ತುರಿಕೆ ನಿಲ್ಲಲಿಲ್ಲ. ಮೈಗೆ ಕೊಬ್ಬರಿ ಎಣ್ಣೆ ಬಳಿದುಕೊಂಡವರಿಗೆ ಅಷ್ಟು ಕಚ್ಚಲಿಲ್ಲ. ಔಷಧವೋ ಅದೃಷ್ಟವೋ, ಎಣ್ಣೆ ಬಾಟಲಿಗೆ ಎಷ್ಟು ಮಹಾ ಖರ್ಚು?

ದುಡ್ಡು ಹಾಕಲೇಬೇಕಾದ ಒಂದೇ ವಿಷಯ ಅಂದರೆ ಸ್ಕೂಬಾ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು. ಈಜು ಬರದಿದ್ದರೂ ಮೊದಲ ಸಲದ ಡೈವ್ ಮಾಡಿಸುತ್ತಾರೆ. ಒಬ್ಬರಿಗೆ ಒಬ್ಬ ಗುರು, 12 ಮೀಟರ್ ಒಳಗೇ. ನಮಗೆ ತಲೆಗೆ 4,000 ಆಯಿತು. ಬೆಲೆ ಕೇಳುವ ಮೊದಲು ಒಬ್ಬ ಗುರುವಿಗೆ ಎಷ್ಟು ಜನ ಅಂತ ಕೇಳಿ. ಆರೋಗ್ಯದ ಫಾರಂನಲ್ಲಿ ಉಬ್ಬಸ, ಕಿವಿ ನೋವು, ನೆಗಡಿ ಇದ್ದರೆ ಮುಚ್ಚಿಡಬೇಡಿ. ನಾನು ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿಗೆ ಸೂಜಿ ಚುಚ್ಚಿದ ಹಾಗಾಯಿತು. ಮೂಗು ಹಿಡಿದು ಊದಿದೆ, ಹೋಗಲಿಲ್ಲ. ಗುರು ಅರ್ಧ ಮೀಟರ್ ಮೇಲೆತ್ತಿದ, ಮತ್ತೆ ಊದು ಅಂತ ಸನ್ನೆ ಮಾಡಿದ. 'ಪಟ್' ಅಂತ ಸದ್ದಾಗಿ ಎಲ್ಲ ಸರಿಹೋಯಿತು. ಆಮೇಲೆ ಕೇಳಿಸಿದ್ದು ನನ್ನ ಉಸಿರು, ಮತ್ತೆ ಎಲ್ಲಿಂದಲೋ ಒಂದು ಚಟಪಟ. ಒಗ್ಗರಣೆಗೆ ಸಾಸಿವೆ ಸಿಡಿಯುವ ಹಾಗೆ. ಅದು ಹವಳದ ಸಂದಿಯಲ್ಲಿರುವ ಸಿಗಡಿಗಳ ಸದ್ದು ಅಂತ ಮೇಲೆ ಬಂದ ಮೇಲೆ ಹೇಳಿದರು. ಮುರ್ಡೇಶ್ವರದ ನೇತ್ರಾಣಿಯಲ್ಲಿ ಡೈವ್ ಮಾಡಿದ್ದ ನಮ್ಮ ಗೆಳೆಯ, ಮೀನು ಅಲ್ಲೂ ಭರ್ಜರಿ ಇವೆ, ಆದರೆ ಈ ಹವಳ ಅಲ್ಲಿ ಇಷ್ಟು ಕಂಡಿರಲಿಲ್ಲ ಅಂದ. ಬಜೆಟ್ ತೀರಾ ಬಿಗಿ ಇರುವವರು ನೇತ್ರಾಣಿಯಲ್ಲೇ ಮೊದಲು ನೋಡಬಹುದು.

ಡೈವ್ ಅನ್ನು ಪ್ರವಾಸದ ಮೊದಲ ಭಾಗದಲ್ಲೇ ಮುಗಿಸಿ. ಡೈವ್ ಮಾಡಿದ ಮೇಲೆ ಒಂದು ಪೂರ್ತಿ ದಿನ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಹೊರಗೆ ಹೋಗಲು ಸಮಯ ಬೇಕು. ಮೇಲೆ ಒತ್ತಡ ಕಡಿಮೆಯಾದರೆ ಅದು ಗುಳ್ಳೆಯಾಗುತ್ತದೆ.

ನೀಲ್ ದ್ವೀಪಕ್ಕೆ ನಾವು ಕೊಟ್ಟದ್ದು ಒಂದೇ ರಾತ್ರಿ. ಇಡೀ ಪ್ರವಾಸದಲ್ಲಿ ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೆ. ಹ್ಯಾವ್‌ಲಾಕ್‌ಗೆ ಮೂರು ರಾತ್ರಿ ಜಾಸ್ತಿಯಾಯಿತು, ಇಲ್ಲಿಗೆ ಎರಡಾದರೂ ಬೇಕಿತ್ತು. ಪುಟ್ಟ ದ್ವೀಪ, ಸೈಕಲ್‌ನಲ್ಲೇ ಎಲ್ಲ ಮುಗಿಯುತ್ತದೆ. ರಸ್ತೆಯ ಎರಡೂ ಕಡೆ ಬದನೆ, ಹೀರೆ, ಹಾಗಲದ ಚಪ್ಪರ. ಅಂಡಮಾನ್‌ನ ತರಕಾರಿ ಬುಟ್ಟಿ ಅಂತಲೇ ಇದಕ್ಕೆ ಹೆಸರು. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಇಲ್ಲಿ ಜಾಸ್ತಿ. ಹಾಗಾಗಿ ಊಟವೂ ಬಂಗಾಳಿ ಥಾಲಿ: ಅನ್ನ, ತೆಳು ಬೇಳೆ, ಆಲೂ ಭಾಜಿ, ಮೀನು ಸಾರು. ಮೀನು ತಿನ್ನದ ನಮ್ಮ ಒಬ್ಬನಿಗೂ ತೊಂದರೆಯಾಗಲಿಲ್ಲ, ಮೊಸರು ಸಿಗಲಿಲ್ಲ ಅನ್ನುವುದೊಂದೇ ಅವನ ಗೋಳು. ಬೀಚಿನ ಹೋಟೆಲ್ ಬಿಟ್ಟು ಪೇಟೆಯೊಳಗೆ ಬನ್ನಿ, ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಲಕ್ಷ್ಮಣಪುರದ ಎರಡನೇ ಬೀಚಿನಲ್ಲಿ ಕಲ್ಲಿನ ಒಂದು ಸಹಜ ಸೇತುವೆ ಇದೆ. ಅಲ್ಲಿಗೆ ಹೋಗಲು ಗಡಿಯಾರ ಅಲ್ಲ, ಇಳಿತ ನೋಡಬೇಕು. ನೀರು ಇಳಿದಾಗ ಮಾತ್ರ ಹವಳದ ಕಲ್ಲುಗಳ ಮೇಲೆ ನಡೆದು ಹೋಗಬಹುದು. ಇಳಿತದ ಸಮಯ ದಿನಾ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹಿಂದಿನ ರಾತ್ರಿಯೇ ರೂಮಿನವರನ್ನು ಕೇಳಿಟ್ಟುಕೊಳ್ಳಿ. ಹವಾಯಿ ಚಪ್ಪಲಿ ಬೇಡ, ಹಿಡಿತ ಇರುವ ಸ್ಯಾಂಡಲ್ ಬೇಕು. ಊರಿನ ಒಬ್ಬ ಹುಡುಗನನ್ನು ಗೈಡ್ ಆಗಿ ಕರೆದುಕೊಂಡೆವು, ಆ 300 ರೂಪಾಯಿ ಸಾರ್ಥಕ. ನಾವು ಬರೀ ಕಲ್ಲು ಅಂದುಕೊಂಡಿದ್ದ ಕಡೆ ಅವನು ಕೂತು, ಬೊಗಸೆ ನೀರು ಅಲುಗಿಸಿದ. ಹಲಸಿನ ತೊಳೆಯಷ್ಟು ದಪ್ಪ ತುಟಿಯ ಒಂದು ನೀಲಿ ಚಿಪ್ಪು ಮೆಲ್ಲನೆ ಬಾಯಿ ಮುಚ್ಚಿಕೊಂಡಿತು. ಐವರೂ ಮಂಡಿಯೂರಿ ಕೂತುಬಿಟ್ಟೆವು. ಅಲ್ಲಿಂದ ಚಿಪ್ಪು, ಹವಳದ ಚೂರು ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳ ಒಯ್ಯುವುದು ಅಪರಾಧ, ಏರ್‌ಪೋರ್ಟ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ನಗದು ಜಾಸ್ತಿ ಇಟ್ಟುಕೊಳ್ಳಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಇಂಟರ್‌ನೆಟ್ ಸುಧಾರಿಸಿದೆ. ಆದರೂ ನೀಲ್‌ನಲ್ಲಿ ಯುಪಿಐ ಚಕ್ರ ತಿರುಗುತ್ತಾ ತಿರುಗುತ್ತಾ ಎಳನೀರಿನವನಿಗೆ ನಾವು ಸಾಲಗಾರರಾದೆವು. ಸಂಜೆ ಹೋಗಿ ಕೊಟ್ಟು ಬಂದೆವು.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಹಡಗು ಇಳಿದು ಅದೇ ದಿನ ವಿಮಾನ ಹತ್ತುವ ಸಾಹಸ ಬೇಡ. ಸಮುದ್ರ ಕೆಟ್ಟರೆ ಹಡಗು ರದ್ದು, ಯಾರೂ ಏನೂ ಮಾಡುವ ಹಾಗಿಲ್ಲ. 2016ರ ಡಿಸೆಂಬರ್‌ನಲ್ಲಿ ಹವಾಮಾನ ಕೆಟ್ಟು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಇದೇ ಎರಡು ದ್ವೀಪಗಳಲ್ಲಿ ಸಿಕ್ಕಿಕೊಂಡು, ನೌಕಾಪಡೆ ಹೋಗಿ ಕರೆತರಬೇಕಾಯಿತು. ಜನವರಿಯಿಂದ ಏಪ್ರಿಲ್ ತನಕ ಒಳ್ಳೆಯ ಕಾಲ. ಮೇ ಕೊನೆಗೆ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಮೊದಲ ದಿನ ನಿದ್ದೆಯಲ್ಲಿ ತಪ್ಪಿಹೋದ ಸೆಲ್ಯುಲಾರ್ ಜೈಲನ್ನು ಈ ಕೊನೆಯ ದಿನ ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದಾಗ ಏಳು ಸಾಲುಗಳಿದ್ದವು, ಈಗ ಉಳಿದದ್ದು ಮೂರು. ಒಂದು ಕೋಣೆಯೊಳಗೆ ನಿಂತು ಚಿಲಕಕ್ಕೆ ಕೈ ಚಾಚಿದೆ. ಸರಳಿನಿಂದ ತೋಳು ಪೂರ್ತಿ ಹೊರಗೆ ಹಾಕಿದರೂ ಸಿಗದ ಹಾಗೆ ಅದನ್ನು ಪಕ್ಕದ ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ. ಎದುರಿಗೆ ಕಾಣುತ್ತಿದ್ದದ್ದು ಮುಂದಿನ ಸಾಲಿನ ಬೆನ್ನು ಮಾತ್ರ. ಯಾರೂ ಯಾರ ಮುಖ ನೋಡಬಾರದು ಅಂತ. ಹೊರಗೆ ಬರುವ ತನಕ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ತಲೆಗೆ ವಿಮಾನ 11,000, ಹಡಗು 2,500, ಆರು ರಾತ್ರಿಯ ರೂಮು 4,500, ಊಟ 3,500, ಸ್ಕೂಬಾ 4,000, ಸ್ಕೂಟರ್ ಆಟೋ ಸೈಕಲ್ ಇತ್ಯಾದಿ 1,500. ಒಟ್ಟು 27,000. ವಿಮಾನದ ಬೆಲೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ದಾವಣಗೆರೆಯವನ ಡಬ್ಬಿಯಲ್ಲಿ ಕೊನೆಗೆ 340 ರೂಪಾಯಿ ಉಳಿದಿತ್ತು. ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಅದಕ್ಕೆ ಒಂದು ಕಾಫಿ ಬಂತು, ಐದು ಜನ ಕುಡಿದೆವು.