ನನ್ನ ಮಗ ಅದಾನ!

ಮೊನ್ನೆ ಕಲಬುರಗಿಯಲ್ಲಿ ಒಂದು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಆಯಿ ಆಗಷ್ಟೇ ಪ್ರಿಂಟಾದ ಹಾಳೆಯನ್ನು ನನ್ನ ಕೈಗಿಟ್ಟು, "ಇದಿಷ್ಟು ಓದಿ ಹೇಳಪ್ಪಾ" ಅಂದರು. ವಿಧವಾ ವೇತನದ ಅರ್ಜಿ. ಓದಿದೆ:

"ನನ್ನ ಗಂಡ ಮಗ ಪುಣೆಯಲ್ಲಿ ದುಡಿಯುತ್ತಿದ್ದು ತೀರಿಕೊಂಡಿದ್ದು ನಾನು ಒಬ್ಬಳೇ ಇದ್ದು ಸದರಿ ವೇತನ..."

ಮುಂದೆ ಓದಲು ಬಿಡಲಿಲ್ಲ. "ಏ ಯಪ್ಪಾ, ನನ್ನ ಮಗ ಅದಾನ! ಪುಣೆದಾಗ ಅದಾನ! ನಿನ್ನೆ ಫೋನ್ ಮಾಡ್ಯಾನ!" ಹಾಳೆ ಕಿತ್ತುಕೊಂಡು ಮಡಿಲಲ್ಲಿ ಬೋರಲು ಹಾಕಿಕೊಂಡರು. ಕೈ ನಡುಗುತ್ತಿತ್ತು.

ತೀರಿಕೊಂಡದ್ದು ಗಂಡ. ಮಗ ಗೌಂಡಿ ಕೆಲಸಕ್ಕೆ ಪುಣೆಗೆ ಹೋಗಿದ್ದಾನೆ. ಈ ಕಡೆಯ ಎಷ್ಟೋ ಮನೆಗಳ ಮಕ್ಕಳು ಹಾಗೆ ಹೋಗುತ್ತಾರೆ.

ಟೈಪ್ ಮಾಡಿದ ಹುಡುಗನಿಗೆ ತೋರಿಸಿದೆ. "ಸರ, ಅದೆಲ್ಲಾ ಯಾರು ಓದ್ತಾರ್ರಿ? ಫಾರ್ಮ್ಯಾಟ್ ಹಿಂಗೇ ಅದ." ಕೆಟ್ಟ ಹುಡುಗ ಅಲ್ಲ. ಬೆರಳು ಚುರುಕು, ಆಯಿಗೆ ನೀರು ತಂದುಕೊಟ್ಟವನೂ ಅವನೇ. ಆದರೂ "ಯಾರು ಓದ್ತಾರ್ರಿ" ಅನ್ನೋ ಮಾತು ಇನ್ನೂ ಕಿವಿಯಲ್ಲಿದೆ. ಓದಿಸಿ ಕೇಳುವವರು ಇದ್ದರಲ್ಲ, ಪಕ್ಕದಲ್ಲೇ ಕೂತಿದ್ದರು.

ಒಂದು ಪೂರ್ಣವಿರಾಮ ಇದ್ದಿದ್ದರೆ ಸಾಕಿತ್ತು ಅಂತ ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದರೆ, ತಪ್ಪು ಇನ್ನೂ ಆಳದಲ್ಲಿದೆ. ಕಾಮಾ, ಪೂರ್ಣವಿರಾಮ ನಮ್ಮ ಬರಹದಲ್ಲಿ ನೆಲೆಯೂರಿದ್ದು ಅಚ್ಚಿನ ಕಾಲದಲ್ಲಿ. ಅದಕ್ಕೂ ಮುಂಚೆ ಅರ್ಥ ಕಾಯುತ್ತಿದ್ದದ್ದು ಪದಗಳ ಕೊನೆಯೇ. "ತೀರಿಕೊಂಡರು" ಅಂದರೆ ಗಂಡ, "ದುಡಿಯುತ್ತಾನೆ" ಅಂದರೆ ಮಗ. ಯಾರಿಗೂ ಗೊಂದಲ ಇಲ್ಲ. ಕಚೇರಿ ಕನ್ನಡದ ಈ "ಇದ್ದು" ಬಂತು ನೋಡಿ, ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿಬಿಟ್ಟಿತು. ಯಾರು, ಎಷ್ಟು ಜನ, ಈಗಲೋ ಆಗಲೋ, ಏನೂ ತಿಳಿಯಲ್ಲ. ಹುಡುಗರು ಇದನ್ನು ಮನೆಯಿಂದ ಕಲಿತಿಲ್ಲ. ಆದೇಶ, ಸುತ್ತೋಲೆ, ನೋಟಿಸು ನೋಡಿಯೇ ಕಲಿತದ್ದು. ಹಾಗೆ ಬರೆದರೇನೇ ಮರ್ಯಾದೆ ಅಂದುಕೊಂಡಿದ್ದಾರೆ.

ನಮ್ಮ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೇ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆ ಆಸ್ಥಾನದಲ್ಲಿ. ಬರೆಯುವವರು ಮಾಡುವ ದೋಷಗಳನ್ನು ಅದು ಉದಾಹರಣೆ ಕೊಟ್ಟು ತಿದ್ದುತ್ತದೆ. ಓದು ಕಲಿಯದೆಯೂ ಮಾತಿನ ಹದ ಬಲ್ಲ ಜನ ಈ ನಾಡಿನವರು ಅಂತ ಹೊಗಳುತ್ತದೆ. ಶಾಲೆಯಲ್ಲಿ ಅದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಆಯಿಗೆ ಒಂದಕ್ಷರ ಓದಲು ಬರಲ್ಲ. ಆದರೆ ಕಿವಿಗೆ ಬಿದ್ದ ಕೂಡಲೇ ತಪ್ಪು ಹಿಡಿದದ್ದು ಅವರೇ ಅಲ್ವಾ?

ಹೊಸದಾಗಿ ಬರೆಸಿದೆವು. "ನನ್ನ ಗಂಡ ತೀರಿಕೊಂಡಿದ್ದಾರೆ. ಮಗ ಪುಣೆಯಲ್ಲಿ ದುಡಿಯುತ್ತಾನೆ. ಊರಲ್ಲಿ ನಾನೊಬ್ಬಳೇ ಇದ್ದೇನೆ." ಹುಡುಗನಿಗೆ ಇದು ತೀರಾ ಸಾದಾ ಅನ್ನಿಸಿತು, ಸಾಹೇಬರು ಒಪ್ಪುತ್ತಾರೋ ಇಲ್ಲವೋ ಅಂದ. ಅವನ ಕೈಯಿಂದಲೇ ಗಟ್ಟಿಯಾಗಿ ಓದಿಸಿದೆ. ಆಯಿ ಪೂರ್ತಿ ಕೇಳಿಸಿಕೊಂಡು, "ಹಾಂ, ಈಗ ಬರೋಬ್ಬರಿ ಅದ" ಅಂದು ಹೆಬ್ಬೆಟ್ಟು ಒತ್ತಿದರು. ಮುಂದಿನವರಿಗೂ ಹೀಗೇ ಓದಿ ಕೇಳಿಸು ಅಂತ ಅವನಿಗೆ ಹೇಳಿ ಬಂದಿದ್ದೇನೆ.