ಅಜ್ಜಿ ಕೊಟ್ಟ ಮಾರ್ಕು

"ಹುಡುಗ ಜಾಣ. ಆದ್ರೂ ಮಾರ್ಕು ಕಡಿಮೆ ಕೊಟ್ಟೆ. ಹೆಸರು ಕೂಡ ಹೇಳದೆ ನನ್ನ ಬೆರಳು ಹಿಡಿದು ಒತ್ತಿದ."

ಹೀಗೆಂದದ್ದು ಇಂಗ್ಲೆಂಡಿನ ಲೀಡ್ಸಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ. ಅಂಚೆ ಕಚೇರಿಯಲ್ಲಿದ್ದು ರಿಟೈರ್ ಆದವರು. ಎರಡೂ ಕೈಗೆ ಸಂಧಿವಾತ. ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಅದೇ ಅವರ ಅರ್ಹತೆ!

ರೋಗಿಯಂತೆ ನಟಿಸುವವರಿಗೆ ತರಬೇತಿ ಕೊಟ್ಟು ಕೂರಿಸುವುದೂ ಇದೆ. 1963ರಲ್ಲಿ ಲಾಸ್ ಏಂಜಲೀಸಿನಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ಡಾಕ್ಟರು ಶುರು ಮಾಡಿದ್ದು. ನಮ್ಮ ಅಜ್ಜಿಗೆ ನಟನೆ ಬೇಕಿಲ್ಲ. ಚೀಲದಲ್ಲಿ ಒಂದು ಜಾಮ್ ಬಾಟಲಿ ಒಯ್ಯುತ್ತಾರೆ. ಬೆರಳು ಮಡಚಲಾಗದೆ ಬರೀ ಅಂಗೈಯಿಂದ ಮುಚ್ಚಳ ತಿರುಗಿಸಲು ನೋಡುತ್ತಾರೆ. ಅದು ಜಾರುತ್ತದೆ. "ಬೆಳಗ್ಗೆ ಎದ್ದ ಮೇಲೆ ಕೈ ಸಡಿಲಾಗಲು ಎಷ್ಟು ಹೊತ್ತು ಬೇಕು, ಕೇಳಿ" ಅಂತಾರೆ. ಒಂದು ಗಂಟೆ ಮೀರಿದರೆ ಅದು ಬರೀ ಕೀಲು ಸವೆದ ನೋವಲ್ಲದೆ ಇರಬಹುದು. ರಕ್ತ ಪರೀಕ್ಷೆಗೂ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಮಗಳು ಎಲ್ಲ ಕೇಳಿಸಿಕೊಂಡು ನನ್ನನ್ನು ಕೇಳಿದಳು: "ಅಮ್ಮಾ, ಅಜ್ಜನೂ ಆಸ್ಪತ್ರೆಯಲ್ಲಿ ಟೀಚರ್ ಆಗಿದ್ರಾ?"

ಕಾಸರಗೋಡು ಜಿಲ್ಲೆಯ ಪೆರ್ಲದ ನಮಗೆ ದೊಡ್ಡ ಖಾಯಿಲೆ ಅಂದರೆ ಮಂಗಳೂರೇ ಗತಿ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆ ಸುತ್ತ ಹತ್ತಾರು ಬಿಳಿ ಕೋಟು ನಿಂತಿದ್ದವು. ಅಂಗಿ ಎತ್ತಿದರು. ಸರದಿಯಲ್ಲಿ ಹೊಟ್ಟೆ ತಟ್ಟಿದರು. ಮಾತೆಲ್ಲ ಇಂಗ್ಲಿಷು. ಅವರು ಹೋದ ಮೇಲೆ ಅಪ್ಪ, "ಎಂತ ಅಂತೆ ಮಗಳೇ? ಜೋರುಂಟಾ?" ಅಂದರು. ಆಮೇಲೆ ಅವರೇ, "ಇರ್ಲಿ, ಮಕ್ಕಳು ಕಲೀಲಿ" ಅಂದರು. ಪಾಠ ಅವರ ಮೈಯ ಮೇಲೆ ನಡೆದಿತ್ತು. ಅವರನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ನಮ್ಮ ದೇಶದಲ್ಲೂ 2019ರಿಂದ ಎಂಬಿಬಿಎಸ್‌ನಲ್ಲಿ ರೋಗಿಯ ಜೊತೆ ಮಾತಾಡುವುದನ್ನು ಪಾಠವಾಗಿಯೇ ಸೇರಿಸಿದ್ದಾರೆ. ಒಳ್ಳೇದೇ. ಕಲಿಸುವವರು ಹೆಚ್ಚಾಗಿ ಡಾಕ್ಟರುಗಳೇ, ಅಲ್ವಾ?

ನಮ್ಮೂರಲ್ಲಿ ಲೀಡ್ಸಿನ ಅಜ್ಜಿಯಂಥ ಮೇಷ್ಟ್ರುಗಳಿಗೆ ಬರವಿಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 20 ವರ್ಷಕ್ಕೂ ಜಾಸ್ತಿ. ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ಫಿಟ್ಸ್ ಬರುವ ಮಗುವಿಗೆ ಗಂಜಿ ಗಂಟಲಲ್ಲಿ ಸಿಗದ ಹಾಗೆ ತಿನ್ನಿಸುವುದು ಹೇಗೆ, ಬೆಳೆದ ಮಗನನ್ನು ಒಬ್ಬಳೇ ಎತ್ತಿ ಮೀಯಿಸುವುದು ಹೇಗೆ, ಅದರ ಪೆಟ್ಟು ತಿಂದ ನಮ್ಮ ಎಣ್ಮಕಜೆ ಪಂಚಾಯತಿನ ತಾಯಂದಿರನ್ನು ಕೇಳಬೇಕು. ಮೆಡಿಕಲ್ ಕಾಲೇಜು ಅಲ್ಲೇ ಹತ್ತಿರ, ಉಕ್ಕಿನಡ್ಕದಲ್ಲಿ. ಕ್ಲಾಸಿಗೆ ಕರೆದರೆ ಬಂದಾರು. ಕನ್ನಡದಲ್ಲೋ ತುಳುವಿನಲ್ಲೋ ಹೇಳಿಯಾರು.

ಸುಮ್ನೆ ಕರೆಯಬಾರದು ಮಾತ್ರ. ಅವತ್ತಿನ ಕೂಲಿ ತಪ್ಪುತ್ತದೆ. ಅದನ್ನು ಕೊಡಬೇಕು, ಬಸ್ ಚಾರ್ಜೂ ಕೊಡಬೇಕು.