ಮುಳುಗುವ ತಂಡಕ್ಕೆ ಹೋಗು, ಆದರೆ ಫಾರ್ವರ್ಡ್ ಆಗಿ ಬೇಡ

ಜರ್ಮನಿಯ ಶಾಲ್ಕೆ ಫುಟ್‌ಬಾಲ್ ತಂಡ ಅಲ್ಲಿನ ಅತಿ ಮೇಲಿನ ಲೀಗ್ ಬುಂಡೆಸ್‌ಲೀಗಾದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಒಂದೂ ಪಂದ್ಯ ಗೆಲ್ಲಲಿಲ್ಲ. 2020ರ ಜನವರಿಯಿಂದ ಸತತ 30 ಪಂದ್ಯ. ಕೆಲವು ಡ್ರಾ, ಉಳಿದದ್ದೆಲ್ಲ ಸೋಲು. ಹಿಂದೆ 1965-66ರಲ್ಲಿ ಟಾಸ್ಮಾನಿಯಾ ಬರ್ಲಿನ್ ಅನ್ನೋ ತಂಡ 31 ಪಂದ್ಯ ಗೆಲ್ಲದೆ ಕಳೆದಿತ್ತು. ಇನ್ನೊಂದು ಪಂದ್ಯ ಕೈತಪ್ಪಿದ್ದರೆ ಆ ಅವಮಾನದಲ್ಲಿ ಶಾಲ್ಕೆಗೂ ಪಾಲು. 2021ರ ಜನವರಿ 9ರಂದು ಹಾಫನ್‌ಹೈಮ್ ವಿರುದ್ಧ ಆ ಶನಿ ಬಿಟ್ಟಿತು. 4-0. ಮೊದಲ ಮೂರು ಗೋಲು ಮ್ಯಾಥ್ಯೂ ಹೊಪ್ಪಿಯದು.

ಹತ್ತೊಂಬತ್ತು ವರ್ಷದ ಕ್ಯಾಲಿಫೋರ್ನಿಯಾ ಹುಡುಗ. ಅವತ್ತಿನವರೆಗೆ ಬುಂಡೆಸ್‌ಲೀಗಾದಲ್ಲಿ ಅವನ ಖಾತೆ ಖಾಲಿ. ಆ ಲೀಗಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಅಮೆರಿಕನ್ ಅವನೇ. ಅಲ್ಲಿನ ಮಧ್ಯಾಹ್ನ ಮೂರೂವರೆ ನಮಗೆ ರಾತ್ರಿ ಎಂಟು. ನಾನು ಸೆಕೆಂಡ್ ಶಿಫ್ಟ್‌ನಲ್ಲಿದ್ದೆ. ಬೆಳಗಾವಿ ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಫರ್ನೆಸ್ ಹತ್ತಿರ ಫೋನ್ ತೆಗೆಯುವ ಹಾಗಿಲ್ಲ. ಊಟದ ಹೊತ್ತಿಗೆ ಸ್ಕೋರ್ ನೋಡಿ ನಂಬಿಕೆ ಬರಲಿಲ್ಲ. ಮನೆಗೆ ಬಂದ ಮೇಲೆ ಗೋಲುಗಳನ್ನು ತಿರುಗಿ ತಿರುಗಿ ನೋಡಿದೆ. ಮೊದಲನೆಯದರಲ್ಲಿ ಚೆಂಡು ಡಿಫೆಂಡರ್‌ಗಳ ಹಿಂದೆ ಬೀಳುತ್ತೆ, ಹೊಪ್ಪಿ ಓಡುತ್ತಾನೆ, ಗೋಲಿ ಮುಂದೆ ಬರುತ್ತಾನೆ. ಇವನು ಗಡಿಬಿಡಿ ಮಾಡದೆ ಚೆಂಡನ್ನು ಅವನ ಮೇಲಿಂದ ಎತ್ತಿ ಹಾಕುತ್ತಾನೆ. ಮೂರಕ್ಕೂ ಪಾಸ್ ಕೊಟ್ಟವನು ಅಮೀನ್ ಹಾರಿತ್. ನಾಲ್ಕನೇ ಗೋಲು ಅವನೇ ಹೊಡೆದ. ಈ ಹಾರಿತ್ ಹೆಸರು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ನಾನು ಶಾಲ್ಕೆ ಹಿಂದೆ ಬಿದ್ದದ್ದು ಅದರ ಊರಿಂದಾಗಿ. ಗೆಲ್ಸೆನ್‌ಕಿರ್ಷೆನ್ ಕಲ್ಲಿದ್ದಲ ಗಣಿಗಳ ಊರು. ಗಣಿ ಮುಚ್ಚಿವೆ, ತಂಡ ಮಾತ್ರ ಉಳಿದಿದೆ. ಸ್ಟೇಡಿಯಂನಲ್ಲಿ ಆಟಗಾರರು ಮೈದಾನಕ್ಕೆ ಬರುವ ದಾರಿಯನ್ನು ಗಣಿಯ ಸುರಂಗದ ಹಾಗೇ ಮಾಡಿದ್ದಾರೆ. ಮೈತುಂಬ ಮಸಿ ಮಾಡಿಕೊಂಡು ಮನೆಗೆ ಹೋಗುವವರಿಗೆ ಇಂಥದ್ದು ಹಿಡಿಸುತ್ತೆ, ಅಷ್ಟೇ.

ಇನ್ನು ವಿಷಯಕ್ಕೆ ಬರೋಣ. ಅಮೆರಿಕದ ಹುಡುಗರಿಗೆ ಯುರೋಪಿನಲ್ಲಿ ಬಾಗಿಲು ತೆರೆಯೋದು ಬಹಳ ಸಲ ಇಂಥ ಸೋಲುವ ತಂಡಗಳಲ್ಲೇ. ಹದಿನೆಂಟು ತುಂಬುವ ಮೊದಲು ಬೇರೆ ದೇಶದ ಕ್ಲಬ್ಬಿಗೆ ಹೋಗೋಕೆ ಫಿಫಾ ನಿಯಮ ಸುಲಭಕ್ಕೆ ಬಿಡೋದಿಲ್ಲ. ಅಮೆರಿಕದ ಆಟಗಾರ ಪುಲಿಸಿಕ್‌ಗೆ ಅಜ್ಜನ ಕಡೆಯಿಂದ ಯುರೋಪಿಯನ್ ಒಕ್ಕೂಟದ ಕ್ರೊಯೇಷಿಯಾ ಪಾಸ್‌ಪೋರ್ಟ್ ಸಿಕ್ಕಿತು, ಹಾಗಾಗಿ ಬೇಗ ಜರ್ಮನಿಯ ಡಾರ್ಟ್‌ಮಂಡ್ ಸೇರಿಕೊಂಡ. ಉಳಿದವರು ಕಾಯಬೇಕು. ಹೋದ ಮೇಲೆ ದೊಡ್ಡ ತಂಡದಲ್ಲಿ ಬೆಂಚೇ ಗತಿ. ಮುಳುಗುವ ತಂಡದಲ್ಲಿ ಹಾಗಲ್ಲ. ಹಿರಿಯರು ಗಾಯ ಮಾಡಿಕೊಂಡಿರುತ್ತಾರೆ, ಸಂಬಳ ಜಾಸ್ತಿ ಇದ್ದವರನ್ನು ಮಾರಿರುತ್ತಾರೆ. ಕೋಚ್‌ಗೆ ಬೇರೆ ದಾರಿ ಇರಲ್ಲ, ರಿಸರ್ವ್ ತಂಡದ ಹುಡುಗನನ್ನು ಕರೆಯುತ್ತಾನೆ. ಹೊಪ್ಪಿ ಬಂದದ್ದೂ ಹಾಗೇ.

ಇದರಲ್ಲಿ ಒಂದು ತಮಾಷೆ ಇದೆ. ಅಮೆರಿಕದ ಮೇಲಿನ ಲೀಗ್ ಎಂಎಲ್‌ಎಸ್‌ನಲ್ಲಿ ರೆಲಿಗೇಷನ್, ಅಂದ್ರೆ ತಳಕ್ಕೆ ಬಂದವರು ಕೆಳಗಿನ ಲೀಗಿಗೆ ಇಳಿಯೋದು, ಇಲ್ಲವೇ ಇಲ್ಲ. ಕೊನೆಯ ಸ್ಥಾನಕ್ಕೆ ಬಂದರೂ ಮುಂದಿನ ವರ್ಷ ಅದೇ ಲೀಗ್. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾದಾಗ ಹೀಗೇ ಇತ್ತು, ನಿಮಗೆ ಗೊತ್ತಿರಬಹುದು. ಅಂಥ ಕಡೆ ಬೆಳೆದ ಹುಡುಗ ಗೆಲ್ಸೆನ್‌ಕಿರ್ಷೆನ್‌ಗೆ ಹೋಗಿ, ಸೋತರೆ ಕ್ಲಬ್ಬಿನ ಟಿಕೆಟ್ ಕೌಂಟರಿನವನ ಕೆಲಸವೂ ಅಲ್ಲಾಡುತ್ತೆ ಅನ್ನೋದನ್ನು ಮೊದಲ ಸಲ ನೋಡುತ್ತಾನೆ. ಆ ಭಯದಲ್ಲಿ ಆಡೋದು ಯಾವ ಅಕಾಡೆಮಿಯಲ್ಲೂ ಕಲಿಸುವ ವಿದ್ಯೆ ಅಲ್ಲ.

ಇಲ್ಲಿಯವರೆಗೆ ಎಲ್ಲರೂ ಹೇಳುವ ಮಾತು. ನನ್ನ ತಕರಾರು ಮುಂದೆ ಇದೆ.

ಹೊಪ್ಪಿ ಮುಂದಿನ ಎರಡು ಪಂದ್ಯದಲ್ಲೂ ಒಂದೊಂದು ಗೋಲು ಹೊಡೆದ. ಮೂರು ಪಂದ್ಯಕ್ಕೆ ಐದು. ಅಲ್ಲಿಂದ ಸೀಸನ್ ಮುಗಿಯುವವರೆಗೆ ಲೀಗಿನಲ್ಲಿ ಇನ್ನೊಂದೇ! ಅವನು ಆಟ ಮರೆತನಾ? ಇಲ್ಲ. ಚೆಂಡೇ ಬರಲಿಲ್ಲ. ಹಾರಿತ್ ಪ್ರತಿ ವಾರ ಮೂರು ಪಾಸ್ ಕೊಡೋಕಾಗುತ್ತಾ? ಶಾಲ್ಕೆ ಆ ಸೀಸನ್‌ನಲ್ಲಿ ಐದು ಕೋಚ್‌ಗಳನ್ನು ಕಂಡಿತು. 34 ಪಂದ್ಯದಲ್ಲಿ ಮೂರೇ ಗೆಲುವು, 16 ಅಂಕ, ಕೊನೆಯ ಸ್ಥಾನ. ಹುಡುಗನನ್ನು ಕೂರಿಸಿಕೊಂಡು ನಿನ್ನ ಆಟ ಇಲ್ಲಿ ತಪ್ಪುತ್ತಿದೆ ಅಂತ ತಿದ್ದೋಕೆ ಅಲ್ಲಿ ಯಾರಿಗೆ ಪುರಸೊತ್ತು? ಆಮೇಲೆ ಅವನು ಸ್ಪೇನಿನ ಮಯೋರ್ಕಾಗೆ ಹೋದ, ಅಲ್ಲಿಂದ ಇಂಗ್ಲೆಂಡಿನ ಮಿಡಲ್ಸ್‌ಬರೋ, ಅಲ್ಲಿಂದ ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಸ್ಕಾಟ್ಲೆಂಡಿನ ಹಿಬರ್ನಿಯನ್, ಅಮೆರಿಕದ ಸ್ಯಾನ್ ಹೋಸೆ. ಎಲ್ಲೂ ಕಾಲೂರಲಿಲ್ಲ.

ಜೋಶ್ ಸಾರ್ಜೆಂಟ್ ಕತೆ ಇನ್ನೂ ಸ್ಪಷ್ಟ. ಮಿಸೌರಿಯವನು, ಹೊಪ್ಪಿ ಹಾಗೇ ಫಾರ್ವರ್ಡ್, ಅಂದ್ರೆ ಮುಂದೆ ನಿಂತು ಗೋಲು ಹೊಡೆಯುವವನು. 2018ರ ಡಿಸೆಂಬರ್‌ನಲ್ಲಿ ವೆರ್ಡರ್ ಬ್ರೆಮೆನ್ ಪರ ಇಳಿದು ಮೊದಲ ಸಲ ಚೆಂಡು ಮುಟ್ಟಿದ್ದೇ ಗೋಲು. 2021ರಲ್ಲಿ ಬ್ರೆಮೆನ್ ಕೆಳಗಿಳಿಯಿತು, ಶಾಲ್ಕೆ ಜೊತೆಗೇ. ಅವನು ಇಂಗ್ಲೆಂಡಿನ ನಾರ್ವಿಚ್‌ಗೆ ಹೋದ. ಮರುವರ್ಷ ಅದೂ ಇಳಿಯಿತು. ಪ್ರೀಮಿಯರ್ ಲೀಗ್‌ನಲ್ಲಿ ಅವನು ಹೊಡೆದದ್ದು ಎರಡೇ ಗೋಲು, ಎರಡೂ ಒಂದೇ ರಾತ್ರಿ ವಾಟ್‌ಫರ್ಡ್ ವಿರುದ್ಧ. ಇವನ ಕೈಲಿ ಆಗಲ್ಲ ಅಂದರು ಜನ. ಅದೇ ನಾರ್ವಿಚ್, ಅದೇ ಹುಡುಗ, ಕೆಳಗಿನ ಡಿವಿಷನ್‌ನಲ್ಲಿ ಒಂದು ಸೀಸನ್‌ಗೆ 13 ಗೋಲು, ಮುಂದಿನದಕ್ಕೆ 16. ತಂಡ ಚೆಂಡು ಇಟ್ಟುಕೊಂಡು ಆಡಿದ ಕೂಡಲೇ ಫಾರ್ವರ್ಡ್‌ಗೆ ಬುದ್ಧಿ ಬಂತು ಅಂತ ಎಲ್ಲರಿಗೂ ಅನಿಸಿತು ನೋಡಿ.

ಈಗ ಹಿಂದೆ ಆಡುವವರನ್ನು ನೋಡಿ. ವೆಸ್ಟನ್ ಮೆಕೆನ್ನಿ ಹಾಫ್‌ನಲ್ಲಿ, ಅಂದ್ರೆ ಮೈದಾನದ ನಡುವೆ ಆಡುವವನು. ಅಪ್ಪ ಅಮೆರಿಕದ ವಾಯುಪಡೆಯಲ್ಲಿ ಇದ್ದವರು, ಹೀಗಾಗಿ ಚಿಕ್ಕಂದಿನಲ್ಲಿ ಜರ್ಮನಿಯಲ್ಲೇ ಫುಟ್‌ಬಾಲ್ ಶುರು ಮಾಡಿದ. 2020ರಲ್ಲಿ ಆ ಗೆಲ್ಲದ ಶಾಲ್ಕೆಯಿಂದಲೇ ಅವನನ್ನು ಇಟಲಿಯ ಯುವೆಂಟಸ್ ಕರೆದುಕೊಂಡಿತು. ತಂಡ ಸೋಲುತ್ತಿದ್ದರೂ ಅವನ ಓಟ, ಟ್ಯಾಕಲ್, ಹೆಡರ್ ಎಲ್ಲ ಕಾಣುತ್ತಿತ್ತು. ಆಂಟನಿ ರಾಬಿನ್ಸನ್ ಲೆಫ್ಟ್ ಬ್ಯಾಕ್. ಇಂಗ್ಲೆಂಡಿನಲ್ಲೇ ಹುಟ್ಟಿದವನು, ಆಡೋದು ಅಮೆರಿಕಕ್ಕೆ. ಅವನ ವಿಗನ್ ಕ್ಲಬ್ 2020ರಲ್ಲಿ ದಿವಾಳಿಯ ಅಂಚಿಗೆ ಬಂತು, 12 ಅಂಕ ಕಿತ್ತುಕೊಂಡರು, ಕ್ಲಬ್ ಇಳಿಯಿತು. ಅವನು ಪ್ರೀಮಿಯರ್ ಲೀಗಿನ ಫುಲ್ಹಮ್‌ಗೆ ಹೋದ. ಟೈಲರ್ ಆಡಮ್ಸ್ ಕೂಡ ಹಾಗೇ. 2023ರಲ್ಲಿ ಲೀಡ್ಸ್ ಇಳಿಯಿತು, ಅವನು ಬೋರ್ನ್‌ಮತ್ ಸೇರಿ ಮೇಲಿನ ಲೀಗಿನಲ್ಲೇ ಉಳಿದ.

ಅದೇ ಲೀಡ್ಸ್‌ನಲ್ಲಿ ಮುಂದೆ ಆಡುತ್ತಿದ್ದ ಬ್ರೆಂಡನ್ ಆರನ್ಸನ್‌ಗೆ ಏನಾಯ್ತು? 2022ರ ಆಗಸ್ಟ್‌ನಲ್ಲಿ ಚೆಲ್ಸಿ ಗೋಲಿ ಮೆಂಡಿಯ ಕಾಲಿಂದಲೇ ಚೆಂಡು ಕಸಿದು ಗೋಲು ಹಾಕಿದ. ಕ್ರೀಡಾಂಗಣ ಹುಚ್ಚೆದ್ದಿತು. ಲೀಗಿನಲ್ಲಿ ಇಡೀ ಸೀಸನ್‌ಗೆ ಅದೊಂದೇ. ತಂಡ ಇಳಿದ ಮೇಲೆ ಲೋನ್ ಮೇಲೆ ಯೂನಿಯನ್ ಬರ್ಲಿನ್‌ಗೆ ಹೋದ. ಅಲ್ಲೂ ಕೊನೆಯ ದಿನದವರೆಗೆ ಉಳಿಯುತ್ತೇವೋ ಇಲ್ಲವೋ ಅನ್ನೋ ಒದ್ದಾಟ. ವಾಪಸ್ ಬಂದಾಗ ಲೀಡ್ಸ್ ಅಭಿಮಾನಿಗಳು ಸಿಟ್ಟಿನಲ್ಲಿದ್ದರು. ತಲೆ ತಗ್ಗಿಸಿ ಆಡಿದ. 2024-25ರಲ್ಲಿ ತಂಡ 100 ಅಂಕ ಗಳಿಸಿ ಚಾಂಪಿಯನ್‌ಶಿಪ್ ಅನ್ನೋ ಆ ಎರಡನೇ ಹಂತದ ಲೀಗ್ ಗೆದ್ದಿತು. ಇವನು ಗಟ್ಟಿ ಪಿಂಡ, ಒಪ್ಪುತ್ತೇನೆ. ಆದರೆ ಎರಡು ವರ್ಷ ಹೋಯಿತಲ್ಲ. ಅವನ ತಮ್ಮ ಪ್ಯಾಕ್ಸ್ಟನ್ ಲೋನ್ ಮೇಲೆ ಹೋದ ಡಚ್ ಕ್ಲಬ್ ವಿಟೆಸ್‌ದೂ ಇದೇ ಪಾಡು. 2024ರಲ್ಲಿ ಲೈಸೆನ್ಸ್ ನಿಯಮ ಮುರಿದದ್ದಕ್ಕೆ 18 ಅಂಕ ಕಳೆದುಕೊಂಡು ಇಳಿಯಿತು. ಆ ಮನೆಯಲ್ಲಿ ಅವ್ವ ಅಪ್ಪ ಪಾಯಿಂಟ್ಸ್ ಟೇಬಲ್ ನೋಡೋಕೇ ಹೆದರುತ್ತಿದ್ದರೇನೋ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೀನಿ ಅಂದ್ರೆ, ಅಕ್ಕನ ಮಗನ ಸಲುವಾಗಿ. ಕ್ಯಾಂಪ್ ಕಡೆಯ ಮೈದಾನಗಳಲ್ಲಿ ಆಡುತ್ತಾ ಬೆಳೆದವನು, ಫಾರ್ವರ್ಡ್. ಬೆಂಗಳೂರಿನಿಂದ ಎರಡು ಕರೆ ಬಂದವು. ಒಂದು ಹೆಸರಿದ್ದ ಕ್ಲಬ್ಬಿನ ರಿಸರ್ವ್ ತಂಡ. ಇನ್ನೊಂದು ಲೀಗ್‌ನ ತಳದಲ್ಲಿ ಒದ್ದಾಡುತ್ತಿರುವ ಕ್ಲಬ್, ಬಂದ ದಿನದಿಂದಲೇ ಆಡಿಸುತ್ತೇವೆ ಅಂದರು. ಅವತ್ತು ಹೊರಗೆ ಜೋರು ಮಳೆ. ಅವನು ಪಡಸಾಲೆಯಲ್ಲಿ ಹಳೆ ಪೇಪರ್ ಹಾಸಿಕೊಂಡು ಬೂಟಿನ ಸ್ಟಡ್ ಸಂದಿಯಲ್ಲಿ ಕೂತ ಕೆಂಪು ಮಣ್ಣನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯುತ್ತಿದ್ದ.

"ಮಾಮಾ, ಎಲ್ಲಿ ಆಡಾಕ ಸಿಗತೈತಿ ಅಲ್ಲೇ ಹೋಗ್ತೀನಿ. ಬೆಂಚ್ ಮ್ಯಾಲೆ ಕುಂಡ್ರಾಕ ಬೆಂಗಳೂರಿಗ್ಯಾಕ ಹೋಗ್ಬೇಕು?"

"ಹೋಗಪಾ. ಆದ್ರ ಚೆಂಡು ಯಾರು ಕೊಡ್ತಾರ ನಿನಗ? ಅಲ್ಲಿ ಹಾಫ್‌ನ್ಯಾಗ ಯಾರದಾರ ಅಂತ ಕೇಳೀಯೇನು?"

ಕೇಳಿರಲಿಲ್ಲ. ಅಕ್ಕ ಅಡುಗೆ ಮನೆಯಿಂದಲೇ ಕೂಗಿದಳು, "ಮೆಸ್ ಊಟ ಹ್ಯಾಂಗೈತಿ, ಅದನ್ನ ಮೊದಲ ಕೇಳು." ಅದೂ ಸರಿಯಾದ ಪ್ರಶ್ನೆಯೇ. ಸಂಬಳ ತಡ ಮಾಡುವ ಕ್ಲಬ್ ಊಟದಲ್ಲೂ ಕೈ ಬಿಗಿ ಮಾಡುತ್ತೆ.

ನಾನು ಇನ್ನೆರಡು ಹೇಳಿದೆ. ಒಂದು, ತಂಡ ಇಳಿದರೆ ನಿನ್ನನ್ನು ಬಿಡುತ್ತೇವೆ ಅಂತ ಕಾಗದದಲ್ಲಿ ಬರೆಸಿಕೋ. ಆರನ್ಸನ್‌ಗೆ ಅಂಥ ಶರತ್ತು ಇದ್ದದ್ದಕ್ಕೇ ಬರ್ಲಿನ್ ದಾರಿ ಸಿಕ್ಕಿದ್ದು. ಇನ್ನೊಂದು, ಬೇರೆ ಜಾಗದಲ್ಲಿ ಆಡಿಸಿದರೆ ಮುಖ ಗಂಟಿಕ್ಕಬೇಡ. ಎರಡನೆಯದಕ್ಕೆ ನಕ್ಕ. ನಾನು ಹುಟ್ಟಾ ಫಾರ್ವರ್ಡ್ ಮಾಮಾ ಅಂದ.

ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿಸಿ ಬಂದೆ. ತಳದ ಕ್ಲಬ್ಬನ್ನೇ ಆರಿಸಿಕೊಂಡ. ಹೋದ ಸ್ವಲ್ಪ ದಿನಕ್ಕೆ ಅವರ ರೈಟ್ ಬ್ಯಾಕ್‌ಗೆ ಮೊಣಕಾಲು ಪೆಟ್ಟಾಯಿತು, ಇವನಿಗೆ ಓಟ ಚೆನ್ನಾಗಿದೆ ಅಂತ ಅಲ್ಲಿ ನಿಲ್ಲಿಸಿದರು. ಫೋನ್ ಮಾಡಿ ಅರ್ಧ ಗಂಟೆ ಕೋಚ್‌ಗೆ ಬೈದ. ತಂಡ ಇನ್ನೂ ಸೋಲುತ್ತಲೇ ಇದೆ. ಇವನು ಮಾತ್ರ ಪ್ರತಿ ಪಂದ್ಯ ಪೂರ್ತಿ ಆಡುತ್ತಿದ್ದಾನೆ, ಎದುರಾಳಿಗಳೆಲ್ಲ ಇವನ ಕಡೆಯಿಂದಲೇ ದಾಳಿ ಮಾಡೋದರಿಂದ ಕೈತುಂಬ ಕೆಲಸ. ಮೆಸ್ ಊಟ ಪರವಾಗಿಲ್ಲವಂತೆ, ಅಕ್ಕ ನಂಬಿಲ್ಲ.